ಹೊಳೆಯಾಚೆಯ ಸರದಿ

ನನ್ನ ಹೆಂಡತಿ ಕುಮುದಿನಿ ಐದನೆಯ ಪೇಟೆಯ ಓಟಿನಲ್ಲೂ ಹಿಂದೆ ಬಿದ್ದ ಮಾರನೆಯ ಬೆಳಗ್ಗೆ ನಮ್ಮ ಪಕ್ಷದ ಅಧ್ಯಕ್ಷ ದೊರೆಸಾಮಿ ನನ್ನ ಹೋಟೆಲಿಗೆ ಬಂದ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು, ಏನೂ ತಿನ್ನದೆ, ಏನೂ ಕುಡಿಯದೆ, ಹಲ್ಲುನೋವಿನವನ ಹಾಗೆ ಕೆನ್ನೆಗೆ ಕೈಕೊಟ್ಟು ನನ್ನನ್ನೇ ನೋಡತೊಡಗಿದ.

"ಏನಯ್ಯಾ ಸಂಪಂಗಿ, ಇನ್ನೂ ಎಷ್ಟು ದಿನ?" ಅಂದ.

"ನನ್ನನ್ನ ಕೇಳಿದ್ರೆ? ನಿಂತಿರೋನು ನಾನಾ?"

"ಆಯಮ್ಮನ ಗಂಡ ನೀನಲ್ವಾ?"

"ಅದಕ್ಕೇ ಹೇಳ್ತಿರೋದು, ನನ್ನನ್ನ ಕೇಳಿ ಪ್ರಯೋಜನ ಇಲ್ಲ ಅಂತ."

ದೊರೆಸಾಮಿ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ ಇಣುಕಿದ. ಸಾಲಾಗಿ ಇಟ್ಟಿದ್ದ ಕೊಳದಪ್ಪಲೆಗಳಲ್ಲಿ ಹಾಲು ಹಾಲಾಗಿಯೇ ಇತ್ತು. ಹಿಂದಿನ ಸಂಜೆ ಹೆಪ್ಪಿಗೆಂದು ಹಾಕಿದ ಮೆಣಸಿನಕಾಯಿ ತೊಟ್ಟುಗಳು ಹಾಗೇ ತೇಲುತ್ತಿದ್ದವು. ಅವನು ನಿಟ್ಟುಸಿರು ಬಿಟ್ಟು ಹೊರಟುಹೋದ.

ನಮ್ಮೂರಲ್ಲಿ ನಗರಸಭೆಯ ಅಧ್ಯಕ್ಷರನ್ನು ಜನರೇ ಆರಿಸುತ್ತಾರೆ. ಅದಕ್ಕೂ ಮುಂಚೆ ಪಕ್ಷದ ಹುರಿಯಾಳು ಯಾರು ಅನ್ನುವುದಕ್ಕೆ ಪಕ್ಷದವರೊಳಗೇ ಒಂದು ಒಳಚುನಾವಣೆ. ಊರಿನ ಏಳು ಪೇಟೆಗಳೂ ಒಂದೇ ದಿನ ಓಟು ಹಾಕುವಂತಿಲ್ಲ. ಭಾನುವಾರಕ್ಕೊಂದು ಪೇಟೆ. ಕೋಟೆಬಾಗಿಲಲ್ಲಿ ಶುರುವಾಗಿ ಹೊಳೆಯಾಚೆಯ ಪೇಟೆಯಲ್ಲಿ ಮುಗಿಯಬೇಕು, ಎಲ್ಲ ಓಟನ್ನೂ ಕೂಡಿಸಿ ಹೆಚ್ಚು ಬಂದವರು ಹುರಿಯಾಳು. ಮುಗಿಯಬೇಕು ಅಂತ ನಿಯಮ ಇರುವುದಷ್ಟೆ, ನನಗೆ ಬುದ್ಧಿ ಬಂದಾಗಿನಿಂದ ಅಲ್ಲಿಯವರೆಗೆ ಹೋಗಿದ್ದೇ ಇಲ್ಲ. ಯಾಕೆಂದರೆ ಒಳಚುನಾವಣೆಯ ಕಣದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರುವವರೆಗೆ ನಮ್ಮೂರಲ್ಲಿ ಹಾಲು ಮೊಸರಾಗುವುದಿಲ್ಲ. ಎರಡನೆಯ ವಾರಕ್ಕೆಲ್ಲ ಜನ ಗೊಣಗುತ್ತಾರೆ, ಮೂರನೆಯ ವಾರಕ್ಕೆ ಬೈಯುತ್ತಾರೆ. ಹಿಂದೆ ಬಿದ್ದವರು ಮರ್ಯಾದೆಯಾಗಿ ಕೈಮುಗಿದು ಇಳಿಯುತ್ತಾರೆ. ಆ ಸಂಜೆ ಹೆಪ್ಪು ಹಾಕಿದರೆ ಬೆಳಗ್ಗೆ ಚಾಕುವಿನಿಂದ ಕತ್ತರಿಸುವಂಥ ಮೊಸರು.

ಕುಮುದಿನಿ ಇಳಿಯಲಿಲ್ಲ. ಅವಳೆದುರು ನಿಂತಿದ್ದವರು ನಂಜುಂಡಾರಾಧ್ಯರು, ಪ್ರೆಸ್ಸಿನ ಆರಾಧ್ಯರು. ಊರಿನ ಮದುವೆ ಕಾರ್ಡುಗಳೆಲ್ಲ ಅಚ್ಚಾಗುವುದು ಅವರಲ್ಲಿ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನನ್ನ ಹೆಂಡತಿ ಎರಡು ಸಲ ನಗರಸಭೆ ಸದಸ್ಯೆಯಾಗಿ ಚರಂಡಿ, ನಲ್ಲಿ, ಬೀದಿದೀಪ ಅಂತ ಊರಿನ ಅರ್ಧ ಜನರ ಜೊತೆ ಜಗಳವಾಡಿದವಳು. ಚರಂಡಿ ಸರಿಯಾಯಿತು, ಜಗಳ ಉಳಿಯಿತು. ಮುಗಿದ ಪೇಟೆಗಳಲ್ಲಿ ನಮ್ಮ ಗಾಣಿಗರ ಪೇಟೆಯೊಂದರಲ್ಲಿ ಮಾತ್ರ ಅವಳಿಗೆ ಕೂದಲೆಳೆಯಷ್ಟು ಮುನ್ನಡೆ ಸಿಕ್ಕಿತ್ತು.

ಜನ ಏನೇನೋ ಮಾಡಿಕೊಂಡು ಬದುಕುತ್ತಿದ್ದರು. ಮನೆಗಳಲ್ಲಿ ಊಟದ ಕೊನೆಗೆ ನಿಂಬೆಹಣ್ಣು ಹಿಂಡಿದ ಅನ್ನ, ಅದು ಬೇಜಾರಾದರೆ ಹುಣಿಸೆ ಗೊಜ್ಜು. ದೇವಸ್ಥಾನದಲ್ಲಿ ಪಂಚಾಮೃತಕ್ಕೆ ಒಂದು ಅಮೃತ ಕಡಿಮೆಯಾಗಿ, ಅರ್ಚಕರು ಮಂತ್ರದಲ್ಲಿ ಆ ಜಾಗ ಬಂದಾಗ ಕೆಮ್ಮಿ ಮುಂದೆ ಹೋಗುತ್ತಿದ್ದರು. ಪಕ್ಕದ ಊರಿಂದ ಮೊಸರು ತಂದರೂ ಪ್ರಯೋಜನವಿಲ್ಲ, ನಮ್ಮ ಗಡಿಕಲ್ಲು ದಾಟಿದ ಕೂಡಲೇ ಪಾತ್ರೆಯಲ್ಲಿ ಹಾಲಾಗಿ ತುಳುಕುತ್ತಿತ್ತು. ಅದಕ್ಕೆ ಜನ ಅನ್ನವನ್ನು ಡಬ್ಬಿಯಲ್ಲಿ ತುಂಬಿಕೊಂಡು ಗಡಿಕಲ್ಲಿನ ಆಚೆಗೇ ಹೋಗತೊಡಗಿದರು. ಪಕ್ಕದ ಊರಿನವನೊಬ್ಬ ಅಲ್ಲಿ ಶಾಮಿಯಾನ ಹಾಕಿ, ಮಡಕೆಗಳಲ್ಲಿ ಮೊಸರಿಟ್ಟುಕೊಂಡು ಕೂತ. ಮಧ್ಯಾಹ್ನದ ಹೊತ್ತಿಗೆ ನಮ್ಮೂರಿನ ಗಣ್ಯರೆಲ್ಲ ಆ ಬಿಸಿಲಲ್ಲಿ ರಸ್ತೆ ಬದಿಗೆ ಸಾಲಾಗಿ ಕೂತು ಮೊಸರನ್ನ ಕಲಸುತ್ತಿದ್ದರು. ನನ್ನ ಹೋಟೆಲು ಮೊಸರುವಡೆಗೆ ಹೆಸರಾದದ್ದು. ಒಳಗೆ ಮಾಣಿಗಳು ಟೇಬಲು ಒರೆಸಿದ್ದನ್ನೇ ಒರೆಸುತ್ತಿದ್ದರು.

ಅವತ್ತು ಮನೆಗೆ ಹೋದಾಗ ಕುಮುದಿನಿ ಕನ್ನಡಿಯೆದುರು ಭಾಷಣ ಅಭ್ಯಾಸ ಮಾಡುತ್ತಿದ್ದಳು.

"ದೊರೆಸಾಮಿ ಬಂದಿದ್ದ," ಅಂದೆ.

"ಗೊತ್ತಾಯ್ತು. ನಿಮ್ಮ ಮುಖದ ಮೇಲೇ ಬರೆದಿದೆ."

"ನೋಡು ಕುಮುದಾ, ಸೋತಾಯ್ತು..."

"ಸೋತಿಲ್ಲ ರೀ. ಹಿಂದಿದೀನಿ."

"ಎಷ್ಟು ಹಿಂದೆ? ಉಳಿದ ಎರಡು ಪೇಟೇಲಿ ಹತ್ತಕ್ಕೆ ಎಂಟು ಓಟು ನಿನಗೇ ಬೀಳಬೇಕು!"

"ಬೀಳಲಿ," ಅಂದಳು, ಅದೇನೋ ಮಾವಿನಹಣ್ಣು ಬೀಳುವ ವಿಷಯ ಅನ್ನುವ ಹಾಗೆ. ಮತ್ತೆ ಕನ್ನಡಿಗೆ ತಿರುಗಿ, "ಮಾನ್ಯರೇ, ಮಹಿಳೆಯರೇ," ಅಂತ ಶುರುಮಾಡಿದಳು. ಇಂಥವಳ ಜೊತೆ ವಾದ ಮಾಡುವುದು ಹೇಗೆ? ನಾನು ಪಂಚೆ ಝಾಡಿಸಿ ಹಿತ್ತಲಿಗೆ ಹೋದೆ.

ಎರಡು ದಿನ ಬಿಟ್ಟು ಆರಾಧ್ಯರೇ ಹೋಟೆಲಿಗೆ ಬಂದರು. ಪಾಪ, ಮುಖ ಬಾಡಿತ್ತು. ಅವರಿಗೆ ಹೊಟ್ಟೆಯುರಿ, ಮಜ್ಜಿಗೆಯೇ ಔಷಧಿ. ದಿನಾ ಗಡಿಕಲ್ಲಿಗೆ ಹೋಗಿ ಕುಡಿದು ಬರುತ್ತಿದ್ದರಂತೆ, ಆದರೆ ಪ್ರಚಾರದ ಮಧ್ಯೆ ಅಷ್ಟು ದೂರ ಹೋಗಲು ಎಲ್ಲಿ ಪುರುಸೊತ್ತು?

"ಇಳೀರಿ ಅಂತ ನಾನು ಹೇಳಬಾರದು ಸಂಪಂಗಿ. ನನ್ನ ಬಾಯಲ್ಲಿ ಅದು ಚೆನ್ನಾಗಿರಲ್ಲ," ಅಂದರು.

"ಹೇಳಿ ಸ್ವಾಮಿ, ದಯವಿಟ್ಟು ಹೇಳಿ. ಎಲ್ಲರೂ ನನಗೆ ಹೇಳ್ತಾರೆ. ಅವಳಿಗೆ ಒಬ್ಬರೂ ಹೇಳಲ್ಲ."

"ಹೇಳೋಕೆ ಹೋಗಿದ್ದೆ. ಕಳೆದ ವರ್ಷ ನಿಮ್ಮ ಪ್ರೆಸ್ಸಿನ ಹಿಂದಿನ ಚರಂಡಿ ಕಟ್ಟಿಕೊಂಡಾಗ ಯಾರು ಬಂದಿದ್ದು ಅಂತ ಕೇಳಿಬಿಟ್ಟರು." ಅವರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. "ಅವರೇ ಬಂದಿದ್ದು."

ಮುಂದಿನ ಭಾನುವಾರ ಆರನೆಯ ಪೇಟೆಯೂ ಕೈಬಿಟ್ಟಿತು. ಈಗ ಹೊಳೆಯಾಚೆಯವರು ಹೆಚ್ಚೂಕಡಿಮೆ ಎಲ್ಲರೂ ಅವಳಿಗೇ ಹಾಕಬೇಕು, ಲೆಕ್ಕ ಹಾಕಲು ಯಾರಿಗೂ ಬೆರಳೂ ಬೇಕಿರಲಿಲ್ಲ. ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ನಮ್ಮ ಜಗಲಿಯ ತುಂಬ ಹಾಲಿನ ಪಾತ್ರೆಗಳು. ಯಾರ್ಯಾರೋ ತಮ್ಮ ಮನೆಯಲ್ಲಿ ಹೆಪ್ಪಾಗದ ಹಾಲನ್ನು ತಂದಿಟ್ಟು ಹೋಗಿದ್ದರು. ಕುಮುದಿನಿ ಒಂದೊಂದನ್ನೇ ಎತ್ತಿ ನೋಡಿ, "ಇದು ಪದ್ಮಾವತಿ ಮನೇದು, ಹಿಡಿ ಮುರಿದಿದೆ. ಇದು ದೊರೆಸಾಮಿ ಹೆಂಡತೀದು," ಅಂತ ಗುರುತು ಹಿಡಿದಳು. ಆಮೇಲೆ ಅಷ್ಟೂ ಹಾಲಿಗೆ ಬೆಲ್ಲ, ಶಾವಿಗೆ ಹಾಕಿ ಪಾಯಸ ಮಾಡಿ ಅದೇ ಪಾತ್ರೆಗಳಲ್ಲಿ ಅವರವರ ಮನೆಗೆ ವಾಪಸ್ಸು ಕಳಿಸಿದಳು. ತೆಗೆದುಕೊಂಡು ಹೋಗಿ ಕೊಟ್ಟವನು ನಾನು. ಬೈಸಿಕೊಂಡವನೂ ನಾನೇ.

ಆ ಸಂಜೆ ಹೋಟೆಲಿನ ಮುಂದೆ ಸಣ್ಣ ಗುಂಪು ಸೇರಿತು. ಅವಳ ಜೊತೆ ಮೊದಲ ದಿನದಿಂದ ಓಡಾಡಿದ ಪದ್ಮಾವತಿಯೇ ಮುಂದೆ ಬಂದು, "ಅಕ್ಕಾ, ಸಾಕು ಅಕ್ಕಾ. ನಾವಿಲ್ಲಿ ಕಿತ್ತಾಡ್ತಾ ಇದ್ದರೆ ಆ ಕಡೆ ಪಕ್ಷದವರು ಕೂತು ನಗ್ತಿದಾರೆ. ಅವರ ಹುರಿಯಾಳು ಆಗಲೇ ಮನೆಮನೆಗೆ ಹೋಗ್ತಿದಾನೆ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

"ಇನ್ನೊಂದು ಪೇಟೆ ಇದೆ ಪದ್ಮಾ," ಅಂದಳು ಕುಮುದಿನಿ.

"ಹೊಳೆಯಾಚೆಯವರಾ? ಅವರು ಯಾವತ್ತು ಹಾಕಿದಾರೆ?"

"ಅದನ್ನೇ ನಾನೂ ಹೇಳ್ತಿರೋದು."

ದೊರೆಸಾಮಿ ತಲೆ ಚಚ್ಚಿಕೊಂಡ. ಗುಂಪು ಬೈದುಕೊಳ್ಳುತ್ತ ಕರಗಿತು. ಪದ್ಮಾವತಿ ಮಾರನೆಯ ದಿನದಿಂದ ಬರಲಿಲ್ಲ, ಅವಳ ಹಿಂದೆಯೇ ಉಳಿದವರೂ. ಬ್ಯಾನರು ಕಟ್ಟುವುದಕ್ಕೆ ಉಳಿದದ್ದು ಕುಮುದಿನಿ, ನಾನು, ಒಂದು ಏಣಿ. ಏಣಿಯ ತುದಿಯಲ್ಲಿ ನಿಂತು ಹಗ್ಗ ಬಿಗಿಯುತ್ತ ನನಗೆ ಅನ್ನಿಸಿತು, ಇದಕ್ಕೊಂದು ಕೊನೆ ಹಾಡಬೇಕು. ಹೊಳೆಯಾಚೆಯವರ ಬಾಯಲ್ಲೇ ಅವಳಿಗೆ ಹೇಳಿಸಿಬಿಟ್ಟರೆ? ಅವರ ಮೇಲೆ ತಾನೇ ಇವಳ ಭರವಸೆ? ಅವರೇ ಬೇಡ ಅಂದರೆ ಇವಳು ಇಳಿಯಲೇಬೇಕು.

ಅವಳಿಗೆ ಹೇಳದೆ ದೋಣಿ ಹತ್ತಿದೆ. ಆ ಹೊಳೆಗೆ ಸೇತುವೆಯಿಲ್ಲ. ಆಚೆ ದಡದ ತುಂಬ ಇಟ್ಟಿಗೆ ಗೂಡುಗಳು. ಅಲ್ಲಿ ಒಂದು ಗೂಡಿನ ಯಜಮಾನಿ ಜೈನಬಿ. ನನ್ನ ಹೋಟೆಲಿನ ಅಡುಗೆಮನೆ ಕಟ್ಟಿಸಿದಾಗ ಇಟ್ಟಿಗೆ ಕೊಟ್ಟವಳು, ಅರವತ್ತರ ಆಸುಪಾಸು, ಆ ದಡದಲ್ಲಿ ಅವಳ ಮಾತು ನಡೆಯುತ್ತಿತ್ತು. ನಾನು ಹೋದಾಗ ಒಂದು ಇಟ್ಟಿಗೆಗೆ ಇನ್ನೊಂದನ್ನು ಬಡಿದು, ಸದ್ದು ಕೇಳಿ, ಒಳ್ಳೆಯದನ್ನು ಈಚೆಗೆ, ಹಸಿಯಾಗಿರುವುದನ್ನು ಆಚೆಗೆ ಎಸೆಯುತ್ತಿದ್ದಳು.

"ಬಾ ಅಣ್ಣಾ, ಕೂತ್ಕೋ. ಓಟು ಕೇಳೋಕೆ ಬಂದೆಯಾ?"

"ಹಾಗೇ ಅಂದ್ಕೊಳ್ಳಿ ಬೂಬಮ್ಮ."

"ನಿಮ್ಮ ಮನೆಯೋರಿಗೆ ನಾವು ಹಾಕಲ್ಲ. ಮುಚ್ಚಿಟ್ಟು ಏನು ಮಾಡಲಿ. ಆರಾಧ್ಯರಿಗೇ ಹಾಕೋದು."

ನನಗೆ ಖುಷಿಯಾಗಬೇಕಿತ್ತು. ನಾನು ಬಂದಿದ್ದೇ ಅದಕ್ಕೆ. ಆದರೆ ಎಲ್ಲಿಲ್ಲದ ಸಿಟ್ಟು ಬಂತು. "ಯಾಕೆ ಹಾಕಲ್ಲ? ಏನು ಕಮ್ಮಿಯಾಗಿದೆ ಅವಳಿಗೆ?"

"ಕಮ್ಮಿ ಅಲ್ಲ ಅಣ್ಣಾ, ಜಾಸ್ತಿ. ಬಾಯಿ ಜಾಸ್ತಿ. ಆರಾಧ್ಯರು ನನ್ನ ಮಗಳ ಮದುವೆ ಕಾರ್ಡಲ್ಲಿ ಹೆಸರು ತಪ್ಪಾಯ್ತು ಅಂತ ಅಷ್ಟೂ ಕಾರ್ಡು ಮತ್ತೆ ಹೊಡೆದುಕೊಟ್ಟರು. ಒಂದು ಮಾತು ಆಡಲಿಲ್ಲ."

"ಸರಿ ಬಿಡಿ. ಹಾಗಾದ್ರೆ ಬಂದು ಅವಳಿಗೆ ಒಂದು ಮಾತು ಹೇಳಿ. ಇಳಿದುಬಿಡಿ, ನಿಂತು ಪ್ರಯೋಜನ ಇಲ್ಲ ಅಂತ. ನೀವು ಹೇಳಿದ್ರೆ ಕೇಳ್ತಾಳೆ."

ಜೈನಬಿಯ ಕೈಯಲ್ಲಿದ್ದ ಇಟ್ಟಿಗೆ ಅಲ್ಲೇ ನಿಂತಿತು. "ಇಳಿಯೋದಾ? ಇಳಿದ್ರೆ ನೋಡು ಮತ್ತೆ!"

"ಅಲ್ಲ ಬೂಬಮ್ಮ, ಓಟೂ ಹಾಕಲ್ಲ ಅಂತೀರಿ, ಇಳೀಲೂಬಾರದು ಅಂತೀರಿ. ಏನು ಮಾಡಬೇಕು ಅವಳು?"

"ನಿಂತಿರಬೇಕು. ಅವರು ಇಳಿದ್ರೆ ನಾನು ಆರಾಧ್ಯರಿಗೆ ಓಟು ಹಾಕೋದು ಹೆಂಗೆ?"

ಅವಳು ಇಟ್ಟಿಗೆ ಕೆಳಗಿಟ್ಟು ಕೈಯ ಕೆಂಪು ಧೂಳು ಒರೆಸಿಕೊಂಡಳು.

"ನಮ್ಮತ್ತೆ ಹಾಕಲಿಲ್ಲ, ನಾನು ಹಾಕಲಿಲ್ಲ. ಓಟಿನ ಪೆಟ್ಟಿಗೆ ಆ ದಡದಲ್ಲಿ ದೋಣಿ ಹತ್ತೋಕೆ ಮುಂಚೆ ಯಾರೋ ಒಬ್ಬರು ಇಳಿದುಬಿಡ್ತಾರೆ, ನಿಮಗೆಲ್ಲ ಮಜ್ಜಿಗೆ ಸಿಗುತ್ತೆ. ನಮಗೂ ಸಿಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆರಾಧ್ಯರು ಇವತ್ತಿಗೂ ಈ ದಡಕ್ಕೆ ಕಾಲಿಟ್ಟಿಲ್ಲ, ಗೊತ್ತಾ? ಯಾಕಿಡಬೇಕು? ಒಳ್ಳೆ ಮನುಷ್ಯರೇ, ಆದ್ರೆ ಅವರನ್ನ ನಾನು ಏನಾದ್ರೂ ಕೇಳಬೇಕು ಅಂದ್ರೆ ಯಾವಾಗ ಕೇಳಲಿ? ಕಾರ್ಡು ಹೊಡೆಸೋವಾಗಲಾ?"

ವಾಪಸ್ಸು ಬರುವಾಗ ದೋಣಿಯವನೂ ಸುಮ್ಮನಿರಲಿಲ್ಲ. ತಾನೂ ಆರಾಧ್ಯರಿಗೇ ಹಾಕುವುದು, ಅಮ್ಮಾವರಿಗೆ ಗಟ್ಟಿಯಾಗಿ ನಿಲ್ಲಲು ಹೇಳಿ ಅಂದ.

ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಹೇಳಿದೆ. "ಹೋಗಿದ್ದೆ. ಹೊಳೆಯಾಚೆಗೆ. ಒಬ್ಬರೂ ನಿನಗೆ ಹಾಕಲ್ಲವಂತೆ. ಒಬ್ಬರೂ!"

ಕುಮುದಿನಿ ಸೊಪ್ಪು ಬಿಡಿಸುತ್ತಿದ್ದಳು. "ಗೊತ್ತು," ಅಂದಳು.

"ಗೊತ್ತಾ? ಗೊತ್ತಿದ್ದೂ ನಿಂತಿದೀಯಾ? ಊರೆಲ್ಲ ನಮ್ಮ ಮೇಲೆ ಉಗೀತಾ ಇದೆ. ಹೋಟೆಲಿಗೆ ನೊಣ ಕೂಡ ಬರ್ತಿಲ್ಲ. ಅವರು ಓಟು ಹಾಕಿ ನಿನ್ನನ್ನ ಸೋಲಿಸಲಿ ಅಂತ ನೀನು ನಿಲ್ಲೋದಾ? ದೊಡ್ಡ ತ್ಯಾಗಿ!"

ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. "ತ್ಯಾಗ ಅಲ್ಲ ರೀ. ನಾನು ಗೆಲ್ಲೋಕೇ ನಿಂತಿರೋದು. ಮೊದಲ ದಿನದಿಂದ ಅದೊಂದು ನಿಮಗೆ ನಂಬಿಕೆನೇ ಬಂದಿಲ್ಲ. ಹಾಕಲ್ಲ ಅಂದೋರು ಹೋಗಿ ಕೇಳಿದ್ರೆ ಹಾಕಬಹುದು. ಹಾಕದೇನೂ ಇರಬಹುದು. ಆದ್ರೆ ನನ್ನನ್ನ ಬೇಡ ಅಂತ ಹೇಳಬೇಕಾದೋರು ಅವರು. ದೊರೆಸಾಮಿ ಅಲ್ಲ. ಅವನ ಹೆಂಡತಿಯ ಹಾಲಿನ ಪಾತ್ರೆನೂ ಅಲ್ಲ." ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು, "ನೀವೂ ಅಲ್ಲ," ಅಂದಳು.

ನಾನು ಸ್ನಾನದ ಮನೆಗೆ ಹೋಗಿ ಬೇಕೆಂದೇ ಬಹಳ ಹೊತ್ತು ನೀರು ಹುಯ್ದುಕೊಂಡೆ.

ಅವಳು ಇಳಿಯದೆ ಹೋದದ್ದರಿಂದ ಆರಾಧ್ಯರಿಗೂ ಹೊಳೆ ದಾಟದೆ ಗತಿಯಿರಲಿಲ್ಲ. ಗುರುವಾರ ಇಬ್ಬರಿಗೂ ಒಂದೇ ದೋಣಿ ಸಿಕ್ಕಿತು. ಒಂದು ತುದಿಯಲ್ಲಿ ಅವರು ಹೊಟ್ಟೆ ಹಿಡಿದುಕೊಂಡು, ಇನ್ನೊಂದು ತುದಿಯಲ್ಲಿ ಇವಳು ಭಾಷಣ ಗುನುಗುತ್ತ, ನಡುವೆ ನಾನು ಬ್ಯಾನರಿನ ಕಂತೆ ಹಿಡಿದು. ಆಚೆ ದಡದಲ್ಲಿ ಇಳಿಯುವಾಗ ಆರಾಧ್ಯರು ಕಾಲು ಜಾರಿ ಮೊಣಕಾಲವರೆಗೆ ಕೆಸರಿಗೆ ಹೋದರು. ಬಿಳಿ ಪಂಚೆ ಹಾಳಾಯಿತು. ಅಲ್ಲಿ ನೆರೆದಿದ್ದ ಜನ ನಗಲಿಲ್ಲ. ಒಬ್ಬಳು ಕೊಡದಲ್ಲಿ ನೀರು ತಂದು ಅವರ ಕಾಲಿಗೆ ಹುಯ್ದು, "ಮಳೆಗಾಲದಲ್ಲಿ ಬಸುರಿಯರನ್ನೂ ಇಲ್ಲೇ ಹತ್ತಿಸೋದು ಸ್ವಾಮಿ," ಅಂದಳು.

ಜೈನಬಿಯ ಗೂಡಿನ ನೆರಳಲ್ಲಿ ಸಭೆ. ಕುಮುದಿನಿ ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಹೇಳಿದಳು. ಚೆನ್ನಾಗಿಯೇ ಮಾತಾಡಿದಳು, ಸ್ವಲ್ಪ ಜೋರಾಗಿ. ಆರಾಧ್ಯರು ಎದ್ದಾಗ ಮೆಟ್ಟಿಲು ಯಾವಾಗ ಕಟ್ಟಿಸ್ತೀರಿ, ಸೇತುವೆ ಯಾವಾಗ, ದೋಣಿಯ ಪಕ್ಕ ದೀಪ ಯಾಕಿಲ್ಲ ಅಂತ ಒಬ್ಬರಾದ ಮೇಲೊಬ್ಬರು ಕೇಳತೊಡಗಿದರು. ಅವರು ಮೊದಲು ನೋಡೋಣ ಅಂದರು. ಜೈನಬಿ, "ನೋಡೋಣ ಅನ್ನೋದನ್ನ ನಾವು ಇಲ್ಲಿಂದ ದಿನಾ ನೋಡ್ತಿದೀವಿ," ಅಂದಳು. ಆರಾಧ್ಯರು ಬೆವರು ಒರೆಸಿಕೊಂಡು, ಮೆಟ್ಟಿಲು ಈ ವರ್ಷವೇ, ಸೇತುವೆ ತನ್ನ ಅವಧಿ ಮುಗಿಯುವುದರೊಳಗೆ ಅಂತ ಎಲ್ಲರೆದುರು ಹೇಳಿದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಭಾನುವಾರ ಓಟಿನ ಪೆಟ್ಟಿಗೆ ದೋಣಿ ಹತ್ತಿತು. ಹಿಂದಿನ ದಿನದವರೆಗೂ ದೊರೆಸಾಮಿ ಬಂದು ಬಂದು ಇಳೀರಿ ಅಂತ ಕೇಳಿ ಸುಸ್ತಾಗಿದ್ದ. ಆಚೆ ದಡದಲ್ಲಿ ಬೆಳಗಿನಿಂದಲೇ ಸಾಲು. ಗೂಡುಗಳಲ್ಲಿ ಆ ದಿನ ಬೆಂಕಿಯಿರಲಿಲ್ಲ. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು, ಗಂಡಸರು ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಸಾಲು ಇಟ್ಟಿಗೆ ರಾಶಿಗಳ ನಡುವೆ ಸುತ್ತಿಕೊಂಡು ಹೊಳೆಯವರೆಗೂ ಬಂದಿತ್ತು. ಓಟು ಹಾಕಿ ಬಂದವರು ಮನೆಗೆ ಹೋಗದೆ ಅಲ್ಲೇ ನಿಂತು, ಹಾಕುವವರನ್ನು ನೋಡುತ್ತಿದ್ದರು. ಒಬ್ಬ ಮುದುಕ ಒಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ದೊರೆಸಾಮಿ, "ಏನು ಮಾಡ್ತಿದೀಯಜ್ಜಾ?" ಅಂತ ಕೂಗಿದರೆ, "ಅವಸರ ಏನು? ಯೋಚನೆ ಮಾಡ್ತಿದೀನಿ," ಅಂತ ಪರದೆಯ ಹಿಂದಿನಿಂದ ದನಿ ಬಂತು.

ಸಂಜೆ ಎಣಿಕೆಯಾಯಿತು. ಹೊಳೆಯಾಚೆಯ ಪೇಟೆಯಲ್ಲಿ ಕುಮುದಿನಿಗೆ ಬಂದದ್ದು ಹನ್ನೊಂದು ಓಟು. ಉಳಿದದ್ದೆಲ್ಲ ಆರಾಧ್ಯರಿಗೆ. ಊರಿಗೆ ಊರೇ ಹಾಲು ಕಾಯಿಸಲು ಓಡಿತು. ಅವಳು ಆರಾಧ್ಯರಿಗೆ ಹಾರ ಹಾಕಿ, ನಾಳೆಯಿಂದ ನಿಮ್ಮ ಪರವಾಗಿ ಮನೆಮನೆಗೆ ಬರುತ್ತೇನೆ ಅಂತ ಮೈಕಿನಲ್ಲಿ ಹೇಳಿದಳು. ಪದ್ಮಾವತಿ ಬಂದು ತಬ್ಬಿಕೊಂಡಾಗಲೂ ನಕ್ಕಳು. ಮನೆಗೆ ಬಂದ ಮೇಲೆ ಮಾತ್ರ ಗೋಡೆಗೆ ಒರಗಿ ಕೂತುಬಿಟ್ಟಳು. ನಾನು ಕಾಫಿ ಮಾಡಿ ತಂದೆ. ತೆಗೆದುಕೊಂಡಳು.

"ಹನ್ನೊಂದು," ಅಂದಳು. "ಅಷ್ಟು ಕಮ್ಮಿ ಅಂದ್ಕೊಂಡಿರಲಿಲ್ಲ ರೀ."

ಇಷ್ಟು ದಿನ ಹೇಳಬೇಕು ಅಂತ ಕೂಡಿಟ್ಟುಕೊಂಡಿದ್ದ ಒಂದು ಮಾತೂ ನಾಲಿಗೆಗೆ ಬರಲಿಲ್ಲ. ಅವಳ ಪಕ್ಕದಲ್ಲಿ ಕೂತೆ ಅಷ್ಟೆ.

ಮಾರನೆಯ ಬೆಳಗ್ಗೆ ನನ್ನ ಅಡುಗೆಮನೆಯಲ್ಲೂ ಮೊಸರು ಹೆಪ್ಪಾಗಿತ್ತು. ವಡೆಗೆ ಉದ್ದು ರುಬ್ಬಿಸಿ, ಹೋಟೆಲಿನ ಮುಂದೆ ಆಗಲೇ ನಿಂತಿದ್ದ ಗಿರಾಕಿಗಳನ್ನು ನೋಡಿ ಹಿಗ್ಗುತ್ತಿದ್ದೆ. ಕುಮುದಿನಿ ಸೀರೆ ಬದಲಾಯಿಸಿ ಬಂದು, "ನಡೀರಿ, ಹೊಳೆಯಾಚೆಗೆ ಹೋಗಿಬರೋಣ," ಅಂದಳು.

"ಯಾಕೆ?"

"ಓಟು ಹಾಕಿದೋರಿಗೆ ಕೃತಜ್ಞತೆ ಹೇಳಬೇಡ್ವಾ?"

"ಹನ್ನೊಂದು ಓಟಿಗಾ? ಇವತ್ತಾ? ಹೊರಗೆ ಜನ ನೋಡು!"

ಅವಳು ಆಗಲೇ ಬೀದಿಗೆ ಇಳಿದಿದ್ದಳು. ಗಲ್ಲಾವನ್ನು ಮಾಣಿಗೆ ಒಪ್ಪಿಸಿ ಶಪಿಸುತ್ತಾ ಹಿಂದೆ ಓಡಿದೆ.

ಮೊದಲ ಮನೆಯ ಹೆಂಗಸು ಬಾಗಿಲಲ್ಲೇ ಇವಳ ಕೈ ಹಿಡಿದುಕೊಂಡು, "ನಾನು ನಿಮಗೇ ಹಾಕಿದ್ದು ಅಕ್ಕಾ," ಅಂದಳು. ಕುಮುದಿನಿ ಕೈಮುಗಿದಳು. ಎರಡನೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇವಳಿಗೇ ಹಾಕಿದ್ದರಂತೆ. ದೋಣಿಯವನೂ ಹಾಕಿದ್ದನಂತೆ. ಪರದೆಯ ಹಿಂದೆ ಯೋಚನೆ ಮಾಡಿದ ಅಜ್ಜ, ಯೋಚಿಸಿ ಯೋಚಿಸಿ ಕೊನೆಗೆ ನಿನಗೇ ಒತ್ತಿಬಿಟ್ಟೆ ತಾಯಿ ಅಂದ. ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಹನ್ನೊಂದು ದಾಟಿತು. ಕೊನೆಗೆ ಬರುವಷ್ಟರಲ್ಲಿ ನಾನು ಎಣಿಸುವುದನ್ನೇ ಬಿಟ್ಟಿದ್ದೆ.

"ಎಲ್ಲಾ ಸುಳ್ಳು ಕಣೇ," ಅಂತ ಅವಳ ಕಿವಿಯಲ್ಲಿ ಹೇಳಿದೆ. "ಇಷ್ಟು ಜನ ಹಾಕಿದ್ರೆ ನೀನು ಗೆದ್ದೇಬಿಡ್ತಿದ್ದೆ."

"ಸುಮ್ನೆ ಬನ್ನಿ," ಅಂದಳು. ಪ್ರತಿ ಮನೆಯ ಮುಂದೆಯೂ ಹೊಸದಾಗಿ ಕೇಳಿದವಳ ಹಾಗೆ ಕೈಮುಗಿಯುತ್ತಿದ್ದಳು.

ಕೊನೆಗೆ ಜೈನಬಿಯ ಗೂಡು. ಅವಳು ಎದ್ದು ಬರಲಿಲ್ಲ. ಕೂತಲ್ಲಿಂದಲೇ, "ನಾನು ಹಾಕಲಿಲ್ಲಮ್ಮ," ಅಂದಳು.

ಕುಮುದಿನಿ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಸದ್ಯ," ಅಂದು ಅಲ್ಲೇ ಇಟ್ಟಿಗೆಯ ರಾಶಿಯ ಮೇಲೆ ಕೂತಳು. "ಕಾಲು ನೋಯ್ತಿದೆ. ಇಲ್ಲಾದ್ರೂ ಸ್ವಲ್ಪ ಕೂತ್ಕೋತೀನಿ."

"ಕೂತ್ಕೊಳ್ಳಿ."

"ಮುಂದಿನ ಸಲ ಹಾಕ್ತೀರಾ?"

"ಬಾಯಿ ಸಣ್ಣ ಮಾಡ್ಕೊಂಡ್ರೆ ನೋಡೋಣ."

"ಅದಾಗಲ್ಲ ಬೂಬಮ್ಮ."

"ಹಾಗಾದ್ರೆ ಇದೂ ಆಗಲ್ಲ."

ದಡದಿಂದ ದೋಣಿಯವನು ಕೂಗಿದ. ಹೋಟೆಲಿನಲ್ಲಿ ಅಷ್ಟು ಜನರನ್ನು ಮಾಣಿಗಳು ಹೇಗೆ ಸುಧಾರಿಸುತ್ತಿದ್ದಾರೋ ಅಂತ ನನ್ನ ಜೀವ ಅಲ್ಲೇ ಇತ್ತು. "ಏಳು ಕುಮುದಾ, ಹೊರಡೋಣ," ಅಂದೆ.

"ನೀವು ಹೋಗಿರಿ," ಅಂದಳು. "ನಾನು ಇವರನ್ನ ಒಪ್ಪಿಸಿ ಬರ್ತೀನಿ."

"ಚುನಾವಣೆ ಮುಗಿದಿದೆ ಕಣೇ!"

ಅವಳು ತಿರುಗಿ ನೋಡಲೂ ಇಲ್ಲ. ಇಟ್ಟಿಗೆ ರಾಶಿಯ ಮೇಲೆ ಸರಿಯಾಗಿ ಕೂತು, ಆರಾಧ್ಯರು ಹೇಳಿದ ಮೆಟ್ಟಿಲು ಎಲ್ಲಿಂದ ಶುರುವಾಗಬೇಕು ಅಂತ ತೋಳು ಚಾಚಿ ತೋರಿಸತೊಡಗಿದಳು. ಜೈನಬಿ ಅಲ್ಲಲ್ಲ, ಅಲ್ಲಿ ನೀರು ನಿಲ್ಲುತ್ತೆ ಅಂದಳು. ಇವಳ ದನಿ ಏರಿತು, ಅವಳದೂ ಏರಿತು. ದೋಣಿಯವನು ಇನ್ನೊಂದು ಸಲ ಕೂಗಿ, ಕಾದು, ಹುಟ್ಟು ಹಾಕಿಕೊಂಡು ಹೊರಟುಹೋದ. ಜೈನಬಿ ಒಳಗೆ ಹೋಗಿ ಟೀ ತಂದಳು, ಮೂರು ಲೋಟ. ಒಂದನ್ನು ತೆಗೆದುಕೊಂಡು ನಾನೂ ಕೂತೆ.